ಪುಕ್ಕಟೆ ಓದಿ, ಹೆಸರು ಕತ್ತರಿಸಬೇಡಿ: ನನ್ನ ಮೆಚ್ಚಿನ ಆರು ವೆಬ್‌ಕಾಮಿಕ್‌ಗಳು

ಕಾಮಿಕ್ಸ್ ಎಂದ ಕೂಡಲೇ ನಮ್ಮ ಉಪನ್ಯಾಸಕರಿಗೆ ಬಾಲಮಂಗಳದ ಡಿಂಗ, ಅಮರ ಚಿತ್ರಕಥೆಯ ಪುಸ್ತಕಗಳು ನೆನಪಾಗಬಹುದು. ನಮ್ಮ ವಯಸ್ಸಿನವರಿಗೆ ನೆನಪಾಗುವುದು ವಾಟ್ಸಾಪ್ ಸ್ಟೇಟಸ್‌ನಲ್ಲಿ ಬರುವ ನಾಲ್ಕು ಚೌಕದ ಚಿತ್ರ. ನೋಡುತ್ತೇವೆ, ನಗುತ್ತೇವೆ, ಫಾರ್ವರ್ಡ್ ಮಾಡುತ್ತೇವೆ. ಅದನ್ನು ಬಿಡಿಸಿದವರು ಯಾರು, ಅವರ ಬೇರೆ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಹಾಗೆ ಬರುವ ಎಷ್ಟೋ ಚಿತ್ರಗಳು ಯಾವುದೋ ಒಂದು ವೆಬ್‌ಕಾಮಿಕ್‌ನಿಂದ ಕತ್ತರಿಸಿ ತಂದವು.

ಈ ಲೇಖನದಲ್ಲಿ ಮೂರು ವಿಷಯ ಹೇಳುತ್ತೇನೆ. ವೆಬ್‌ಕಾಮಿಕ್ ಎಂದರೇನು, ನನಗೆ ಇಷ್ಟವಾದ ಆರು ಯಾವುವು, ಮತ್ತು ಪುಕ್ಕಟೆ ಕೊಡುವವರ ಸಂಸಾರ ನಡೆಯುವುದು ಹೇಗೆ. ಮೂರನೆಯದು ಕಾಮರ್ಸ್ ವಿದ್ಯಾರ್ಥಿಯ ಚಾಳಿ ಎಂದು ಕ್ಷಮಿಸಿ. ಆದರೆ ನಾನು ನಿಮ್ಮಲ್ಲಿ ಕೇಳಿಕೊಳ್ಳಬೇಕಾದ ಮಾತು ಇರುವುದು ಅಲ್ಲೇ.

ವೆಬ್‌ಕಾಮಿಕ್ ಎಂದರೇನು?

ಬರೆದವರೇ ನೇರವಾಗಿ ಇಂಟರ್‌ನೆಟ್‌ನಲ್ಲಿ ಪ್ರಕಟಿಸುವ ಚಿತ್ರಕಥೆ ವೆಬ್‌ಕಾಮಿಕ್. ಪ್ರಕಾಶಕರು ಒಪ್ಪಬೇಕಿಲ್ಲ, ಪ್ರೆಸ್‌ಗೆ ದುಡ್ಡು ಕಟ್ಟಬೇಕಿಲ್ಲ. ಸಾಮಾನ್ಯವಾಗಿ ಓದುವುದಕ್ಕೂ ದುಡ್ಡು ಕೊಡಬೇಕಿಲ್ಲ. ಕೆಲವು ಒಂದೇ ಚಿತ್ರದಲ್ಲಿ ಮುಗಿಯುತ್ತವೆ. ಕೆಲವು ವರ್ಷಗಟ್ಟಲೆ ಕಂತು ಕಂತಾಗಿ ಬರುತ್ತವೆ.

ಕಾಗದದ ಪುಟಕ್ಕೆ ಅಂಚು ಇದೆ, ಪರದೆಗೆ ಇಲ್ಲ. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ‘ಇನ್‌ಫಿನಿಟ್ ಕ್ಯಾನ್‌ವಾಸ್’, ಅಂದರೆ ಕೊನೆಯಿಲ್ಲದ ಹಾಳೆ ಎಂದು ಕರೆದರು. ಪರದೆಯನ್ನು ಪುಟ ಎಂದುಕೊಳ್ಳದೆ ಕಿಟಕಿ ಎಂದುಕೊಂಡರೆ ಚಿತ್ರ ಎಷ್ಟು ಉದ್ದ ಬೇಕಾದರೂ ಇರಬಹುದು ಎಂಬುದು ಅವರ ಮಾತು. ಅದನ್ನು ದಿನಬಳಕೆಗೆ ತಂದವರು ದಕ್ಷಿಣ ಕೊರಿಯಾದವರು. ಅಲ್ಲಿನ ಡಾಮ್ ಎಂಬ ಜಾಲತಾಣ 2003ರಲ್ಲಿ, ನೇವರ್ 2004ರಲ್ಲಿ ಕಾಮಿಕ್ಸ್ ವಿಭಾಗ ಶುರುಮಾಡಿದವು. ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಜಾರಿಸುತ್ತಾ ಓದುವ ‘ವೆಬ್‌ಟೂನ್’ ಬೆಳೆದದ್ದು ಹೀಗೆ. ಅದರಲ್ಲಿ ಎರಡು ಚಿತ್ರಗಳ ನಡುವಿನ ಖಾಲಿ ಜಾಗವೂ ಕಥೆ ಹೇಳುತ್ತದೆ. ಒಬ್ಬ ಮೇಲಿನಿಂದ ಬೀಳುತ್ತಿದ್ದಾನೆ ಎಂದಾದರೆ ನಾವು ಜಾರಿಸುತ್ತಲೇ ಇರಬೇಕು. ಅವನು ನೆಲ ಮುಟ್ಟುವವರೆಗೆ ನಮ್ಮ ಬೆರಳೂ ಅವನ ಜೊತೆ ಇಳಿಯುತ್ತದೆ.

ಇನ್ನೊಂದು ಅನುಕೂಲ ನಮ್ಮಂಥವರಿಗೆ. ನಾನು ಏಳನೇ ತರಗತಿಯವರೆಗೆ ಉರ್ದು ಮಾಧ್ಯಮ, ಹೈಸ್ಕೂಲು ಕನ್ನಡ ಮಾಧ್ಯಮ, ಈಗ ಪಿಯುಸಿ ಇಂಗ್ಲಿಷ್. ಇಂಗ್ಲಿಷ್ ಕಾದಂಬರಿ ಹಿಡಿದರೆ ಮೂರನೇ ಪುಟಕ್ಕೆ ನಿದ್ದೆ ಬರುತ್ತಿತ್ತು. ಕಾಮಿಕ್‌ನಲ್ಲಿ ಒಂದು ಚೌಕಕ್ಕೆ ಒಂದೆರಡು ಸಣ್ಣ ವಾಕ್ಯ. ಅರ್ಥವಾಗದ ಪದವನ್ನು ಮುಖಭಾವವೇ ಬಿಡಿಸಿ ಹೇಳುತ್ತದೆ. ಡಿಕ್ಷನರಿ ತೆಗೆಯುವುದು ಕಡಿಮೆಯಾಯಿತು, ಓದುವುದು ಜಾಸ್ತಿಯಾಯಿತು.

ಇನ್ನು ಆರು ಹೆಸರುಗಳು. ಕಾಲೇಜಿಗೆ ಮೊಬೈಲ್ ತರುವಂತಿಲ್ಲ, ಆದ್ದರಿಂದ ಈ ಪುಟವನ್ನು ಮನೆಗೆ ಒಯ್ಯಿರಿ.

1. ಎಕ್ಸ್‌ಕೆಸಿಡಿ

ಬರೆಯುವವರು ಅಮೆರಿಕದ ರಾಂಡಲ್ ಮನ್ರೋ. ಭೌತಶಾಸ್ತ್ರ ಓದಿ, ನಾಸಾದ ಒಂದು ಕೇಂದ್ರದಲ್ಲಿ ರೋಬಾಟ್‌ಗಳ ಕೆಲಸ ಮಾಡುತ್ತಿದ್ದವರು. 2005ರಲ್ಲಿ ಶುರುವಾಗಿ ವಾರಕ್ಕೆ ಮೂರು ದಿನ ಬರುತ್ತದೆ. ಹೆಸರಿಗೆ ಅರ್ಥವಿಲ್ಲ, ನಾಲ್ಕು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಬೇಕು ಅಷ್ಟೇ. ಮನುಷ್ಯರೆಲ್ಲ ಕಡ್ಡಿ ಗೊಂಬೆಗಳು, ಮುಖಕ್ಕೆ ಕಣ್ಣು ಮೂಗು ಕೂಡ ಇಲ್ಲ. ನಮ್ಮಲ್ಲಿ ಯಾರು ಬೇಕಾದರೂ ಹಾಗೆ ಬಿಡಿಸಬಹುದು. ಹಾಗೆ ಯೋಚಿಸುವುದು ಮಾತ್ರ ಕಷ್ಟ.

ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರು 882ನೆಯದನ್ನು ನೋಡಲೇಬೇಕು. ಜೆಲ್ಲಿ ಮಿಠಾಯಿ ತಿಂದರೆ ಮೊಡವೆ ಬರುತ್ತದೆಯೇ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡುತ್ತಾರೆ. ಸಂಬಂಧ ಸಿಗುವುದಿಲ್ಲ. ಆಮೇಲೆ ಒಂದೊಂದೇ ಬಣ್ಣದ ಮಿಠಾಯಿಯನ್ನು ಪರೀಕ್ಷಿಸುತ್ತಾರೆ, ಒಟ್ಟು 20 ಬಣ್ಣ. ಹಸಿರು ಒಂದರಲ್ಲಿ ಸಂಬಂಧ ಸಿಗುತ್ತದೆ, ಮರುದಿನ ಪತ್ರಿಕೆಯಲ್ಲಿ ಹಸಿರು ಮಿಠಾಯಿಯದೇ ದೊಡ್ಡ ಸುದ್ದಿ. ನೂರಕ್ಕೆ ಐದು ಸಲ ಸುಮ್ಮನೆ ಆಕಸ್ಮಿಕವಾಗಿ ಸಂಬಂಧ ಕಾಣಿಸುವ ಪರೀಕ್ಷೆಯನ್ನು 20 ಸಲ ಮಾಡಿದರೆ ಒಂದು ಸಲ ಹಾಗಾಗುವುದು ಆಶ್ಚರ್ಯವಲ್ಲ. ಒಂದು ಪಾಠದ ಸಾರ ಒಂದು ಪುಟದಲ್ಲಿದೆ.

1732ನೆಯದು ಭೂಮಿಯ ತಾಪಮಾನದ ಚಿತ್ರ. ಕ್ರಿಸ್ತಪೂರ್ವ 20,000ದಿಂದ ಇವತ್ತಿನವರೆಗೆ ಒಂದೇ ಗೆರೆ. ಜಾರಿಸುತ್ತಾ ಜಾರಿಸುತ್ತಾ ಬೆರಳು ಸೋಲುತ್ತದೆ, ಗೆರೆ ನಿಧಾನವಾಗಿ ಆಚೀಚೆ ಹೊರಳುತ್ತದೆ. ಕಟ್ಟಕಡೆಯಲ್ಲಿ, ನಮ್ಮ ಕಾಲಕ್ಕೆ ಬಂದಾಗ, ಸರಕ್ಕನೆ ಬಲಕ್ಕೆ ಹಾರುತ್ತದೆ. ಕೊನೆಯಿಲ್ಲದ ಹಾಳೆಯ ಪ್ರಯೋಜನ ಏನು ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಿ. 2013ರಲ್ಲಿ ಮನ್ರೋ ‘ಟೈಮ್’ ಎಂಬ ಕಾಮಿಕ್‌ನಲ್ಲಿ ಒಂದೇ ಚೌಕದ ಚಿತ್ರವನ್ನು ತಿಂಗಳುಗಟ್ಟಲೆ ಬದಲಿಸುತ್ತಾ ಹೋದರು. 3,000ಕ್ಕೂ ಹೆಚ್ಚು ಚಿತ್ರಗಳ ಆ ಕಥೆಗೆ 2014ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು.

2. ಗ್ರೀನ್ ಹ್ಯೂಮರ್

ಇದು ನಮ್ಮ ದೇಶದ್ದು. ರೋಹನ್ ಚಕ್ರವರ್ತಿ ನಾಗ್ಪುರದವರು, ಓದಿದ್ದು ದಂತವೈದ್ಯ. ಹಲ್ಲು ಬಿಟ್ಟು ಚಿತ್ರ ಹಿಡಿದು, ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸವನ್ನೂ ಮಾಡಿ, ಕೊನೆಗೆ ಪೂರ್ತಿ ವ್ಯಂಗ್ಯಚಿತ್ರಕಾರರಾದರು. 2010ರಲ್ಲಿ ಶುರುವಾದ ಈ ಸರಣಿಯಲ್ಲಿ ಹುಲಿ, ಕಪ್ಪೆ, ಹಾರ್ನ್‌ಬಿಲ್, ಹಲ್ಲಿ ಎಲ್ಲವೂ ಮಾತಾಡುತ್ತವೆ. ಮನುಷ್ಯರ ಅಭಿವೃದ್ಧಿ ಯೋಜನೆಗಳ ಬಗ್ಗೆ ಅವು ಆಡುವ ಮಾತು ಕೇಳಿದರೆ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಪ್ರಾಣಿಯ ಮೈಬಣ್ಣ, ಕೊಕ್ಕಿನ ಆಕಾರ ಎಲ್ಲ ಸರಿಯಾಗಿರುವುದರಿಂದ ನಮ್ಮ ಬಯಾಲಜಿ ವಿಭಾಗದವರಿಗೂ ಇಷ್ಟವಾಗುತ್ತದೆ. ಈಗ ದಿನಪತ್ರಿಕೆಗಳಲ್ಲೂ ಪುಸ್ತಕಗಳಾಗಿಯೂ ಸಿಗುತ್ತದೆ. ಇಂಗ್ಲಿಷ್ ಕಷ್ಟ ಎನ್ನುವವರು ಇಲ್ಲಿಂದ ಶುರುಮಾಡಬಹುದು.

3. ಯೆಸ್, ಐಯಾಮ್ ಹಾಟ್ ಇನ್ ದಿಸ್

“ಸೆಖೆ ಆಗಲ್ವಾ ನಿನಗೆ?” ಹಿಜಾಬ್ ಹಾಕುವ ನಮ್ಮ ಕಾಲೇಜಿನ ಹುಡುಗಿಯರಲ್ಲಿ ಈ ಪ್ರಶ್ನೆ ಕೇಳದವರು ಯಾರು? ಅಮೆರಿಕದ ಹುದಾ ಫಹ್ಮಿ ಅದಕ್ಕೆ ಕೊಟ್ಟ ಉತ್ತರವೇ ಈ ಕಾಮಿಕ್‌ನ ಹೆಸರು. ಹೌದು, ಆಗುತ್ತದೆ! ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಬೆಳೆದ ಅವರು ಎಂಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದರು. ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ತಮ್ಮ ದಿನನಿತ್ಯದ ಪ್ರಸಂಗಗಳನ್ನು ಬಿಡಿಸಿ ಹಾಕತೊಡಗಿದರು. ಅಂಗಡಿಯಲ್ಲಿ ದಿಟ್ಟಿಸಿ ನೋಡುವವರು, ಇಂಗ್ಲಿಷ್ ಬರುತ್ತದಾ ಎಂದು ಕೇಳುವವರು, ಮದುವೆ ಯಾವಾಗ ಎಂದು ಬೆನ್ನುಹತ್ತುವ ಆಂಟಿಗಳು, ಎಲ್ಲರೂ ಬರುತ್ತಾರೆ. ಕೋಪದಲ್ಲಿ ಹೇಳಬಹುದಾದ್ದನ್ನು ಅವರು ಹುಬ್ಬು ಏರಿಸಿ ಹೇಳುತ್ತಾರೆ. ಮೊದಲ ಪುಸ್ತಕ 2018ರಲ್ಲಿ ಬಂತು. ಅಕ್ಕತಂಗಿಯರ ಪ್ರವಾಸದ ಕಥೆ ‘ಹುದಾ ಎಫ್ ಕೇರ್ಸ್?’ 2023ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಯಲ್ಲಿತ್ತು. ನನ್ನ ಆಪಾ ಇದನ್ನು ಓದಿ, ನಮ್ಮ ಖಾಲಾಗಳನ್ನು ಇವರು ಯಾವಾಗ ನೋಡಿದರು ಎಂದು ಕೇಳಿದಳು.

4. ಖಾಹಿರಾ

ಈಜಿಪ್ಟಿನ ದೀನಾ ಮೊಹಮ್ಮದ್ 2013ರಲ್ಲಿ ಇದನ್ನು ಶುರುಮಾಡಿದಾಗ ಅವರ ವಯಸ್ಸು 18. ಅಂದರೆ ನಮಗಿಂತ ಒಂದೇ ವರ್ಷ ದೊಡ್ಡವರು. ಕೈರೋ ನಗರಕ್ಕೆ ಅರಬಿಯಲ್ಲಿ ‘ಅಲ್ ಖಾಹಿರಾ’ ಎನ್ನುತ್ತಾರೆ, ‘ಗೆಲ್ಲುವವಳು’ ಎಂದು ಅರ್ಥ. ಅದೇ ಹೆಸರಿನ, ಹಿಜಾಬ್ ಹಾಕಿದ ಸೂಪರ್‌ಹೀರೋ ಈ ಕಥೆಯ ನಾಯಕಿ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಾಡುವವರಿಗೂ ಬುದ್ಧಿ ಕಲಿಸುತ್ತಾಳೆ, ಹಿಜಾಬ್ ನೋಡಿ ‘ಅಯ್ಯೋ ಪಾಪ’ ಎನ್ನುವವರಿಗೂ ಉತ್ತರ ಕೊಡುತ್ತಾಳೆ. ಇಂಗ್ಲಿಷ್, ಅರಬಿ ಎರಡರಲ್ಲೂ ಇದೆ. ಕಂತುಗಳು ಹೆಚ್ಚಿಲ್ಲ, ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಇಷ್ಟವಾದರೆ ಅವರ ಮುಂದಿನ ಪುಸ್ತಕ ‘ಶುಬೈಕ್ ಲುಬೈಕ್’ ಹುಡುಕಿ. 2017ರಲ್ಲಿ ಕೈರೋ ಕಾಮಿಕ್ಸ್ ಉತ್ಸವದ ದೊಡ್ಡ ಬಹುಮಾನ ಪಡೆದದ್ದು, 2023ರಲ್ಲಿ ಇಂಗ್ಲಿಷಿಗೆ ಬಂತು. ಅದರ ಕೈರೋದಲ್ಲಿ ಆಸೆ ಈಡೇರಿಸುವ ವರಗಳನ್ನು ಬಾಟಲಿಯಲ್ಲಿ ಮಾರುತ್ತಾರೆ. ಫಸ್ಟ್ ಕ್ಲಾಸ್ ವರಕ್ಕೆ ಕೈಗೆಟುಕದ ಬೆಲೆ, ಥರ್ಡ್ ಕ್ಲಾಸ್ ವರ ಅಗ್ಗ ಆದರೆ ಅಪಾಯ. ಬೇಡಿಕೆ, ಪೂರೈಕೆ, ಲೈಸೆನ್ಸು, ಬಡವರಿಗೆ ಸಿಗುವ ಕಳಪೆ ಮಾಲು, ಇಡೀ ಎಕನಾಮಿಕ್ಸ್ ಅಲ್ಲಿದೆ. ಇಂಗ್ಲಿಷಿನಲ್ಲೂ ಆ ಪುಸ್ತಕವನ್ನು ಬಲದಿಂದ ಎಡಕ್ಕೇ ಓದಬೇಕು. ನಮ್ಮ ಮನೆಯಲ್ಲಿ ಇದೇನೂ ಹೊಸದಲ್ಲ. ದಾದಿ ಉರ್ದು ಪತ್ರಿಕೆಯನ್ನು ಬಲಗಡೆಯಿಂದ ತೆರೆಯುತ್ತಾರೆ, ನಾನು ಕನ್ನಡ ಪತ್ರಿಕೆಯನ್ನು ಎಡಗಡೆಯಿಂದ. ಎರಡೂ ಒಂದೇ ಚಾಪೆಯ ಮೇಲೆ ಇರುತ್ತವೆ.

5. ಪೆಪ್ಪರ್ ಅಂಡ್ ಕ್ಯಾರೆಟ್

ಫ್ರಾನ್ಸಿನ ಡೇವಿಡ್ ರೆವೊಯ್ 2014ರಿಂದ ಬಿಡಿಸುತ್ತಿರುವ ಕಥೆ. ಪೆಪ್ಪರ್ ಮದ್ದು ಅರೆಯಲು ಕಲಿಯುತ್ತಿರುವ ಪುಟ್ಟ ಮಾಟಗಾತಿ, ಕ್ಯಾರೆಟ್ ಅವಳ ಬೆಕ್ಕು. ಚಿತ್ರಗಳು ಎಷ್ಟು ಚೆಂದ ಎಂದರೆ ನನ್ನ ಆರು ವರ್ಷದ ತಮ್ಮ ಓದಲು ಬಾರದಿದ್ದರೂ ಬಿಡುವುದಿಲ್ಲ.

ಆದರೆ ಇದನ್ನು ಪಟ್ಟಿಗೆ ಸೇರಿಸಿದ್ದು ಅದರ ಕರಾರಿಗಾಗಿ. ರೆವೊಯ್ ಕ್ರೀಟಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬಿಡಿಸುತ್ತಾರೆ, ಮೂಲ ಫೈಲುಗಳನ್ನೂ ಎಲ್ಲರಿಗೆ ಕೊಡುತ್ತಾರೆ. ಕಾಮಿಕ್ ಇರುವುದು ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯಲ್ಲಿ. ಯಾರು ಬೇಕಾದರೂ ಪ್ರತಿ ಮಾಡಬಹುದು, ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಿ ಲಾಭವನ್ನೂ ಮಾಡಬಹುದು. ಅದಕ್ಕೆ ಅವರಿಟ್ಟ ಮುಖ್ಯ ಷರತ್ತು ಮಾಡಿದವರ ಹೆಸರು ಹಾಕಬೇಕು ಎಂಬುದು. ಜಗತ್ತಿನ ಓದುಗರು ಅದನ್ನು ಹತ್ತಾರು ಭಾಷೆಗಳಿಗೆ ತಂದಿದ್ದಾರೆ. 2016ರಲ್ಲಿ ಫ್ರಾನ್ಸಿನ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಅದನ್ನು ಪುಸ್ತಕವಾಗಿಯೂ ತಂದಿತು. ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟ ಮನುಷ್ಯ ಹೆಸರನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಯಾಕೆ ಎಂಬುದನ್ನು ಮುಂದೆ ನೋಡೋಣ.

6. ಟವರ್ ಆಫ್ ಗಾಡ್

ಕೊರಿಯಾದ ವೆಬ್‌ಟೂನ್ ಹೇಗಿರುತ್ತದೆ ಎಂದು ತಿಳಿಯಲು ಇದು ಸಾಕು. ಕಲಾವಿದರ ಹೆಸರು ಎಸ್‌ಐಯು, ಶುರುವಾದದ್ದು 2010ರಲ್ಲಿ. ಕತ್ತಲಲ್ಲಿ ಬೆಳೆದ ಬಾಮ್ ಎಂಬ ಹುಡುಗ, ತನ್ನನ್ನು ಬಿಟ್ಟುಹೋದ ಒಬ್ಬಳೇ ಗೆಳತಿಯನ್ನು ಹುಡುಕಿಕೊಂಡು ಒಂದು ಗೋಪುರ ಹತ್ತುತ್ತಾನೆ. ಒಂದೊಂದು ಅಂತಸ್ತಿಗೂ ಒಂದೊಂದು ಪರೀಕ್ಷೆ. 500ಕ್ಕೂ ಹೆಚ್ಚು ಕಂತುಗಳಿವೆ, ಆದ್ದರಿಂದ ಪ್ರಿಪರೇಟರಿ ಪರೀಕ್ಷೆಯ ಹಿಂದಿನ ವಾರ ಶುರುಮಾಡಬೇಡಿ. ಗೋಪುರದ ಪರೀಕ್ಷೆ ಪಾಸಾಗಬಹುದು, ಇಲ್ಲಿಯದು ಕಷ್ಟ.

ಪುಕ್ಕಟೆ ಕೊಟ್ಟರೆ ಹೊಟ್ಟೆ ತುಂಬುವುದು ಹೇಗೆ?

ನಾನು ಗಮನಿಸಿದ ದಾರಿಗಳು ನಾಲ್ಕು. ಒಂದು, ಪುಟದ ಬದಿಯ ಜಾಹೀರಾತು. ಎರಡು, ಪುಸ್ತಕ, ಟೀಶರ್ಟ್ ಮುಂತಾದ ಮಾರಾಟ. ಮೂರು, ಓದುಗರ ಚಂದಾ. 2013ರಲ್ಲಿ ಶುರುವಾದ ಪೇಟ್ರಿಯಾನ್‌ನಂಥ ತಾಣಗಳಲ್ಲಿ ಓದುಗರು ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. ರೆವೊಯ್ ನಡೆಯುವುದು ಹೆಚ್ಚಾಗಿ ಇಂಥ ಬೆಂಬಲದಿಂದ. ಅಚ್ಚು ಹಾಕುವ ಮೊದಲೇ ದುಡ್ಡು ಕೂಡಿಸುವುದೂ ಇದೇ ಜಾತಿ. ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ ವೆಬ್‌ಕಾಮಿಕ್‌ನ ರಿಚ್ ಬರ್ಲೂ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಲು 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 57,750 ಡಾಲರ್ ಕೇಳಿದರು. ಓದುಗರು ಕೊಟ್ಟದ್ದು 12.5 ಲಕ್ಷ ಡಾಲರ್‌ಗೂ ಹೆಚ್ಚು. ನಮ್ಮ ಅಕೌಂಟೆನ್ಸಿಯಲ್ಲಿ ಮುಂಗಡವಾಗಿ ಬಂದ ಹಣ ಆದಾಯವಲ್ಲ, ಹೊಣೆಗಾರಿಕೆ. ಪುಸ್ತಕ ಕೈಗೆ ಕೊಡುವವರೆಗೆ ಅದು ಬ್ಯಾಲೆನ್ಸ್ ಶೀಟಿನ ಲಯಬಿಲಿಟಿ ಕಡೆಗೇ ಇರುತ್ತದೆ.

ನಾಲ್ಕು, ದೊಡ್ಡ ವೇದಿಕೆಗಳು. ವೆಬ್‌ಟೂನ್‌ನಲ್ಲಿ ಹಳೆಯ ಕಂತುಗಳು ಪುಕ್ಕಟೆ. ಮುಂದಿನದನ್ನು ಈಗಲೇ ಓದಬೇಕೆಂದರೆ ನಾಣ್ಯ ಕೊಳ್ಳಬೇಕು. ಅಂದರೆ ಮಾರುತ್ತಿರುವುದು ಕಥೆಯನ್ನಲ್ಲ, ಕಾಯದೇ ಇರುವ ಅವಕಾಶವನ್ನು! ಈ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2024ರ ಜೂನ್‌ನಲ್ಲಿ ವೆಬ್‌ಟೂನ್ ಕಂಪನಿಯ ಷೇರು ಅಮೆರಿಕದ ನಾಸ್‌ಡ್ಯಾಕ್‌ನಲ್ಲಿ ವಹಿವಾಟಿಗೆ ಬಂತು.

ಈ ನಾಲ್ಕೂ ದಾರಿಗಳಿಗೆ ಒಂದೇ ಬಾಗಿಲು. ಓದುಗನಿಗೆ ಕಲಾವಿದರ ಹೆಸರು ಗೊತ್ತಿರಬೇಕು. ಹೆಸರು ಗೊತ್ತಿಲ್ಲದಿದ್ದರೆ ಜಾಹೀರಾತು ಇರುವ ಪುಟಕ್ಕೆ ಹೋಗುವುದಿಲ್ಲ, ಪುಸ್ತಕ ಹುಡುಕುವುದಿಲ್ಲ, ಚಂದಾ ಕೊಡುವುದಿಲ್ಲ.

ಕಾಲರ್ ಒಳಗಿನ ಲೇಬಲ್

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಪಾಠವಿದೆ. ಕಣ್ಣಿಗೆ ಕಾಣದ, ಕೈಗೆ ಸಿಗದ, ಆದರೂ ಬೆಲೆ ಇರುವ ಆಸ್ತಿ. ಅಂಗಡಿಯ ಹೆಸರು ಕೇಳಿ ಗಿರಾಕಿ ಬರುತ್ತಾನಲ್ಲ, ಅದರ ಬೆಲೆ. ಪುಸ್ತಕದ ವ್ಯಾಖ್ಯೆಗಿಂತ ಇದು ನನಗೆ ಸರಿಯಾಗಿ ಅರ್ಥವಾದದ್ದು ಅಬ್ಬಾ ಅವರ ಟೈಲರ್ ಅಂಗಡಿಯಲ್ಲಿ. ಹೊಲಿದ ಪ್ರತಿ ಶರ್ಟಿನ ಕಾಲರ್ ಒಳಗೆ ಅಬ್ಬಾ ಒಂದು ಸಣ್ಣ ಲೇಬಲ್ ಹೊಲಿಯುತ್ತಾರೆ. ರಂಜಾನ್ ಹತ್ತಿರ ಬಂದಾಗ ಗುರುತಿಲ್ಲದವರೂ ಬರುತ್ತಾರೆ. ಮದುವೆಯಲ್ಲಿ ಯಾರದೋ ಶರ್ಟ್ ಚೆನ್ನಾಗಿ ಕಂಡಿತು, ಕಾಲರ್ ತಿರುಗಿಸಿ ನೋಡಿದೆವು ಎನ್ನುತ್ತಾರೆ. ಲೇಬಲ್ ಬಿಚ್ಚಿದರೆ ಶರ್ಟ್ ಹರಿಯುವುದಿಲ್ಲ, ತೊಟ್ಟವನಿಗೆ ಏನೂ ನಷ್ಟವಿಲ್ಲ. ಆದರೆ ಮುಂದಿನ ಗಿರಾಕಿಗೆ ಅಂಗಡಿಯ ದಾರಿ ಗೊತ್ತಾಗುವುದಿಲ್ಲ.

ಕಾಮಿಕ್‌ನ ಮೂಲೆಯಲ್ಲಿರುವ ಸಣ್ಣ ಸಹಿ ಇದೇ ಲೇಬಲ್. ಸ್ಟೇಟಸ್‌ಗೆ ಸರಿಹೊಂದಲಿ ಎಂದು ನಾವು ಕ್ರಾಪ್ ಮಾಡುವಾಗ ಮೊದಲು ಹೋಗುವುದು ಮೂಲೆ.

ಇದು ದೂರದ ಅಮೆರಿಕ, ಈಜಿಪ್ಟಿನ ಸಮಾಚಾರವಷ್ಟೇ ಅಲ್ಲ. ನಮ್ಮ ಕಾಲೇಜಿನಲ್ಲೇ ಒಬ್ಬಳು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನಾಲ್ಕು ಚೌಕದ ಕಾಮಿಕ್ ಬಿಡಿಸುತ್ತಿದ್ದಳು. ಬಸ್ ಪಾಸಿನ ಕ್ಯೂ, ಲ್ಯಾಬ್‌ನಲ್ಲಿ ಒಡೆದ ಟೆಸ್ಟ್‌ಟ್ಯೂಬ್, ಊಟದ ಡಬ್ಬಿಯ ಜಗಳ. ಕಳೆದ ವರ್ಷ ಯಾರೋ ಒಂದರ ಫೋಟೋ ತೆಗೆದು, ಕೆಳಗಿದ್ದ ಅವಳ ಹೆಸರು ಕತ್ತರಿಸಿ, ಸ್ಟೇಟಸ್‌ಗೆ ಹಾಕಿದರು. ಮೂರು ಸೆಕ್ಷನ್ ಸುತ್ತಿ ಅದು ಅವಳ ಫೋನಿಗೇ ಬಂತು. ಜೊತೆಗೆ “ನೆಟ್‌ನಲ್ಲಿ ಸಿಕ್ತು, ಸಖತ್ತಾಗಿದೆ” ಎಂಬ ಸಾಲು. ಇದು ನನ್ನದು ಎಂದಳು. ಸುಮ್ಮನೆ ಹೇಳ್ತೀಯಾ ಎಂದರು. ಆಮೇಲೆ ಅವಳು ಬಿಡಿಸಿಲ್ಲ. “ನಕ್ಕಿದ್ದಕ್ಕೆ ಬೇಜಾರಿಲ್ಲ, ನಗಲಿ ಅಂತಾನೇ ಬಿಡಿಸಿದ್ದು. ನಂದು ಅಂದ್ರೆ ನಂಬಲಿಲ್ಲ ನೋಡು” ಎಂದು ನನ್ನ ಹತ್ತಿರ ಹೇಳಿದಳು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆದಿಲ್ಲ. ಅದು ಅವಳ ಚಿತ್ರದ ಕೆಳಗೆ ಅವಳೇ ಹಾಕಬೇಕಾದದ್ದು.

ನಾವು ಮಾಡಬಹುದಾದದ್ದು

ನಮ್ಮ ಜೇಬಿನಲ್ಲಿ ಡಾಲರ್ ಇಲ್ಲ. ಚಂದಾ ಕೊಡಿ ಎಂದು ನಾನು ಹೇಳುವುದಿಲ್ಲ. ಖರ್ಚಿಲ್ಲದ ನಾಲ್ಕು ಕೆಲಸಗಳಿವೆ.

ಕಾಮಿಕ್ ಹಂಚುವಾಗ ಪೂರ್ತಿ ಚಿತ್ರ ಹಂಚಿ, ಸಹಿ ಇರುವ ಮೂಲೆಯ ಸಮೇತ. ಸಾಧ್ಯವಾದರೆ ಚಿತ್ರದ ಬದಲು ಲಿಂಕ್ ಕಳಿಸಿ.

ಹೆಸರಿಲ್ಲದ ಕಾಮಿಕ್ ಬಂದರೆ, ಕಳಿಸಿದವರನ್ನು “ಯಾರು ಬಿಡಿಸಿದ್ದು?” ಎಂದು ಕೇಳಿ. ಗೂಗಲ್‌ನಲ್ಲಿ ಚಿತ್ರವನ್ನೇ ಹಾಕಿ ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ.

ಇಷ್ಟವಾದರೆ ಕಲಾವಿದರ ಪುಟಕ್ಕೇ ಹೋಗಿ ಒಂದು ಸಾಲು ಬರೆಯಿರಿ. ಇಂಗ್ಲಿಷ್ ತಪ್ಪಾದರೂ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಕನ್ನಡ, ಉರ್ದು ಚೆನ್ನಾಗಿ ಬರುವವರು ಅನುವಾದಕ್ಕೆ ಕೈಹಾಕಿ. ಪೆಪ್ಪರ್ ಅಂಡ್ ಕ್ಯಾರೆಟ್‌ನ ಪರವಾನಗಿ ಅದಕ್ಕೆ ಬಾಗಿಲು ತೆರೆದೇ ಇಟ್ಟಿದೆ. ಎರಡು ಮೂರು ಭಾಷೆ ಆಡುತ್ತಾ ಬೆಳೆದ ನಮಗಿಂತ ಇದಕ್ಕೆ ತಕ್ಕವರು ಯಾರು? ಬೇರೆಯವರ ಕಾಮಿಕ್ ಆದರೆ ಪರವಾನಗಿ ಏನೆಂದು ಮೊದಲು ಓದಿಕೊಳ್ಳಿ. ಎಕ್ಸ್‌ಕೆಸಿಡಿಯನ್ನು ಹೆಸರು ಹಾಕಿ ಹಂಚಬಹುದು, ಮಾರುವಂತಿಲ್ಲ.

ಸಂಪಾದಕ ಬಳಗಕ್ಕೂ ಒಂದು ಮನವಿ. ಮುಂದಿನ ಸಂಚಿಕೆಯಿಂದ ಅರ್ಧ ಪುಟ ಕಾಮಿಕ್‌ಗೆ ಬಿಡಿ. ನಾಲ್ಕು ಚೌಕ ಸಾಕು. ಕೆಳಗೆ ಬಿಡಿಸಿದವರ ಹೆಸರು, ತರಗತಿ, ಸೆಕ್ಷನ್ ಅಚ್ಚಾಗಲಿ. ಮೊದಲ ಸಂಚಿಕೆಗೆ ಯಾರನ್ನು ಕೇಳಬೇಕು ಎಂದು ನನಗೆ ಗೊತ್ತಿದೆ. ನೋಟ್‌ಬುಕ್ ಇನ್ನೂ ಎಸೆದಿಲ್ಲವಂತೆ.